ಮೈಸೂರು ವೀಣೆಗೆ ಮೈಕು ಅಂಟಿದ ಮೇಲೆ

ಮೈಸೂರು ಬಾನಿಯ ವೀಣೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾವೆಲ್ಲ ಮಾಡುವುದು ಒಂದೇ ಕೆಲಸ: ವಿ. ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಿಕೆಯೊಂದನ್ನು ಹಾಕಿ ಕೇಳಿಸುವುದು. ಬೆಂಗಳೂರಿನ ನಮ್ಮ ಚಂದ್ರಾ ಲೇಔಟಿನ ವಿದ್ಯಾರ್ಥಿಗಳು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕಿವಿಗೆ ಸಿಕ್ಕಿಸಿಕೊಳ್ಳುವುದೂ ಅದನ್ನೇ. ಕೇಳಲೇಬೇಕಾದ ಕೈ ಅದು, ಅದರಲ್ಲಿ ತಕರಾರಿಲ್ಲ. ಆದರೆ ಒಬ್ಬ ಮಹಾ ವೈಣಿಕರ ಕೈಯನ್ನೇ ಇಡೀ ಬಾನಿ ಎಂದು ತಿಳಿದು ನಾವು ಕಳೆದುಕೊಂಡದ್ದು ಕಡಿಮೆಯೇನಲ್ಲ. ಅದರಲ್ಲಿ ಮುದ್ರಿಕೆಗೂ ಪಾಲಿದೆ, ಪ್ರಶಸ್ತಿಗೂ ಪಾಲಿದೆ. ದೊಡ್ಡ ಪಾಲು ಮೈಕಿನದು.

ವೀಣೆ ಶೇಷಣ್ಣ (1852–1926), ಅವರ ಸಮಕಾಲೀನರಾದ ಸುಬ್ಬಣ್ಣ, ಶೇಷಣ್ಣನವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997). ಅರಮನೆಯ ಆಶ್ರಯದಲ್ಲಿ ಬೆಳೆದ ಈ ಸಾಲಿನಲ್ಲಿ ಮೀಟೇ ಪ್ರಧಾನ. ತಂಜಾವೂರಿನ ಕಡೆಯವರು ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು, ಗಾಯಕರ ಕಂಠ ಹೋಗುವ ದಾರಿಯಲ್ಲೇ ವೀಣೆಯನ್ನು ಕರೆದೊಯ್ಯುತ್ತಾರೆ. ಮೈಸೂರಿನವರು ಎಡಗೈಯ ಎರಡು ಬೆರಳನ್ನು ಬಿಡಿಸಿ, ಸ್ವರಗಳನ್ನು ಆಯಾ ಮೆಟ್ಟಿಲಿನ ಮೇಲೇ ನಿಲ್ಲಿಸಿ, ಬಲಗೈಯಿಂದ ಒಂದೊಂದನ್ನೂ ಬಿಡಿಬಿಡಿಯಾಗಿ ನುಡಿಸುತ್ತಾರೆ. ಗಮಕ ಇಲ್ಲದಿಲ್ಲ, ಹಿತಮಿತ. ಈ ಕೈ ಪೂರ್ತಿ ಅರಳುವುದು ತಾನದಲ್ಲಿ. ಸಾಹಿತ್ಯದ ಹಂಗಿಲ್ಲದ, ತಾಳದ ಕಟ್ಟಿಲ್ಲದ ಆ ಭಾಗದಲ್ಲಿ ವೀಣೆ ಯಾವ ಗಾಯಕನನ್ನೂ ಅನುಕರಿಸಬೇಕಾಗಿಲ್ಲ.

ಮೀಟಿದ ತಂತಿಯ ನಾದ ಹುಟ್ಟಿದ ಕ್ಷಣದಿಂದಲೇ ಸೊರಗತೊಡಗುತ್ತದೆ. ಮೈಕಿಲ್ಲದ ಕಾಲದಲ್ಲಿ ವೈಣಿಕರು ಅದಕ್ಕೆ ತಕ್ಕಂತೆ ನುಡಿಸಬೇಕಿತ್ತು: ಒಂದೋ ನಾದ ಆರುವ ಮೊದಲೇ ಮತ್ತೆ ಮೀಟಬೇಕು, ಇಲ್ಲವೆ ಅದನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗಬೇಕು. ಮೈಸೂರಿನವರ ಚುರುಕಾದ ಮೀಟು, ನಡುನಡುವೆ ಅವರು ಬಿಡುವ ತೆರಪು, ಎರಡೂ ಈ ಅಗತ್ಯದಿಂದಲೇ ಬೆಳೆದವೆಂದು ನನಗೆ ತೋರುತ್ತದೆ. ಕಾಂಟ್ಯಾಕ್ಟ್ ಮೈಕ್ ಬಂದು ವೀಣೆಯ ಮೈಗೆ ಅಂಟಿಕೊಂಡಿತು. ಸೊರಗುವ ನಾದವೂ ದೊಡ್ಡದಾಗಿ ಕೇಳತೊಡಗಿತು. ಒಂದೇ ಮೀಟಿಗೆ ನಾಲ್ಕಾರು ಸ್ವರ ಎಳೆಯುವವರಿಗೆ ಇದು ವರ. ಮೈಸೂರಿನ ಕೈಗೆ ಅದೇ ಮುಳುವಾಯಿತು. ಬೆರಳು ತಂತಿಗೆ ತಾಗುವ ಟಕಟಕ ಸದ್ದು ಸ್ವರದಷ್ಟೇ ಜೋರಾಗಿ ಬರುತ್ತದೆ. ಹಿಂದಿನ ಸ್ವರದ ಉಳಿಕೆ ಮುಂದಿನದರ ಮೇಲೆ ಬಿದ್ದು, ಬಿಡಿಸಿಟ್ಟಂತಿದ್ದ ತಾನ ಕಲಸಿದ ಅವಲಕ್ಕಿಯಾಗುತ್ತದೆ. ಮೈಸೂರು ವೀಣೆ ಒಣ ಒಣ ಎಂದು ಮೂಗು ಮುರಿಯುವವರಲ್ಲಿ ಅನೇಕರು ಕೇಳಿರುವುದು ದೊಡ್ಡ ಹಾಲಿನ ಸ್ಪೀಕರನ್ನೇ. ಹಾಗೆಂದು ಆ ದೂರಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ತೋಡಿ, ಸಹಾನದಂಥ ರಾಗಗಳು ಎಳೆತವನ್ನು ಬೇಡುತ್ತವೆ. ಅಂಥಲ್ಲೂ ಶುದ್ಧತೆಯ ಹೆಸರಿನಲ್ಲಿ ಬೆರಳನ್ನು ಬಿಗಿಹಿಡಿಯುವವರು ಈ ಬಾನಿಯಲ್ಲಿ ಇದ್ದಾರೆ.

ಇನ್ನು ಧ್ವನಿಮುದ್ರಣ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅದರಲ್ಲಿ ಕೃತಿ ಹಿಡಿಸಿದರೇ ಹೆಚ್ಚು. ಆಮೇಲೆ ರೇಡಿಯೊ ಬಂತು. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಒಂದೂವರೆ ಗಂಟೆ ಕೊಟ್ಟರೂ ದಿನನಿತ್ಯದ ಪ್ರಸಾರಕ್ಕೆ ಸಿಗುತ್ತಿದ್ದ ಅವಧಿ ಚಿಕ್ಕದೇ. ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ಹಲವು ವರ್ಷ ದುಡಿದವರು. ಕವಿ ಪುತಿನ ಅವರ ಗೀತನಾಟಕ ‘ಗೋಕುಲ ನಿರ್ಗಮನ’ಕ್ಕೆ, 1966ರ ‘ಸುಬ್ಬಾಶಾಸ್ತ್ರಿ’ ಸಿನಿಮಾಕ್ಕೆ ಸಂಗೀತ ಕೂಡಿಸಿದವರೂ ಅವರೇ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆ ಅವರ ಬೆರಳಿನಲ್ಲೇ ಕುಳಿತಿತ್ತು. ಆ ಅಳತೆಯನ್ನು ನಾವು ಮೈಸೂರು ಬಾನಿಯ ಸಂಯಮ ಎಂದು ಕೊಂಡಾಡುತ್ತೇವೆ. ಅದರಲ್ಲಿ ಅರ್ಧ ಸ್ಟುಡಿಯೊದ ಗಡಿಯಾರದ್ದಿರಬೇಕು ಎಂಬುದು ನನ್ನ ಅನುಮಾನ. ಹಲವು ವಾದ್ಯಗಳಲ್ಲಿ ಕೈಯಾಡಿಸಿದ ಶೇಷಣ್ಣನವರಾಗಲಿ, ಅರಮನೆಗಾಗಿ ನಗ್ಮಾ ಎಂಬ ವಾದ್ಯರಚನೆಗಳನ್ನು ಕಟ್ಟಿದ ವೆಂಕಟಗಿರಿಯಪ್ಪನವರಾಗಲಿ ಅಷ್ಟು ಮಿತದಲ್ಲಿ ನಿಲ್ಲುವ ಜಾಯಮಾನದವರಂತೆ ಕಾಣುವುದಿಲ್ಲ. ಇಂದಿನ ವಿದ್ಯಾರ್ಥಿ ಗುರುವಿನ ಮುದ್ರಿಕೆಯನ್ನು ಸಂಗತಿ ಸಂಗತಿಯಾಗಿ ಇಳಿಸಿಕೊಳ್ಳುತ್ತಾನೆ. ಆ ದಿನ ಹೊಳೆದ ಒಂದು ಪಲುಕು ಅವನಿಗೆ ಪಾಠವಾಗಿಬಿಡುತ್ತದೆ. ದೊರೆಸ್ವಾಮಿಯವರೇ ಮರುದಿನ ಅದನ್ನು ಬೇರೆ ಥರ ನುಡಿಸುತ್ತಿದ್ದರೇನೊ.

ಪ್ರಶಸ್ತಿಗಳಿಗೆ ಬರವಿಲ್ಲ. ದೊರೆಸ್ವಾಮಿಯವರಿಗೆ 1983ರಲ್ಲಿ ಪದ್ಮಭೂಷಣ, ಮರುವರ್ಷ ಮದ್ರಾಸು ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಂದವು. ಅದಕ್ಕೆ ಮೊದಲು 1957ರಲ್ಲಿ ಪಿಟೀಲು ಚೌಡಯ್ಯನವರಿಗೆ, ಆಮೇಲೆ 1995ರಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್ ಅವರಿಗೆ ಅದೇ ಬಿರುದು ಸಂದಿತು. ಎಲ್ಲವೂ ಯೋಗ್ಯರಿಗೇ ಸಂದವು. ಆದರೆ ಬಿರುದು ವ್ಯಕ್ತಿಗೆ ಸಲ್ಲುತ್ತದೆ. ಬಾನಿಗೆ ಬೇಕಾದದ್ದು ಸಂಜೆಯ ಎರಡೂವರೆ ಗಂಟೆ. ಸಂಗೀತೋತ್ಸವಗಳಲ್ಲಿ ಆ ಹೊತ್ತು ಸಾಮಾನ್ಯವಾಗಿ ಗಾಯಕರ ಪಾಲಾಗುತ್ತದೆ, ವೀಣೆಗೆ ಮಧ್ಯಾಹ್ನ. ಶೇಷಣ್ಣನವರ ಬಗ್ಗೆ ಒಂದು ಕತೆ ಹೇಳುತ್ತಾರೆ. ಬರೋಡದ ಮಹಾರಾಜರು ಪಲ್ಲಕ್ಕಿಯ ಗೌರವ ಕೊಟ್ಟಾಗ ಅವರು ವೀಣೆಯನ್ನು ಅದರಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದರಂತೆ. ಕತೆಗೆ ಎಷ್ಟು ಉಪ್ಪುಖಾರ ಬೆರೆತಿದೆಯೋ! ನಮ್ಮ ಕಾಲದ ಸನ್ಮಾನಗಳಲ್ಲಂತೂ ಶಾಲು, ಪೇಟ ವಿದ್ವಾಂಸರಿಗೆ ಸಲ್ಲುತ್ತವೆ. ಭಾಷಣ ಮುಗಿಯುವ ಹೊತ್ತಿಗೆ ಕಚೇರಿಗೆ ಮುಕ್ಕಾಲು ಗಂಟೆ ಉಳಿದಿರುತ್ತದೆ. ಮೊದಲು ಕತ್ತರಿ ಬೀಳುವುದು ತಾನಕ್ಕೆ.

ಹೀಗಾಗಿ ಈ ಬಾನಿಯನ್ನು ತೂಗಿ ನೋಡುವವರು ದೊಡ್ಡ ಸಭಾಂಗಣವನ್ನು ಬಿಟ್ಟು ಮನೆ ಕಚೇರಿಗೆ ಬರಬೇಕು. ನಮ್ಮ ಬಡಾವಣೆಯ ಹಾಲುಗಳಲ್ಲಿ ಕುರ್ಚಿ ಸರಿಸಿ ಜಮಖಾನ ಹಾಸಿದರೆ ಮೂವತ್ತು ಜನ ಕೂರಬಹುದು. ಮೈಕು ಬೇಡ, ಕೃತಿಗಳು ಎರಡು ಮೂರು ಸಾಕು, ತಾನಕ್ಕೆ ಗಡಿಯಾರ ನೋಡಬಾರದು. ಎಂಬತ್ತಡಿ ರಸ್ತೆಯ ಹಾರನ್ನು, ಪಕ್ಕದ ಮನೆಯ ಕುಕ್ಕರಿನ ಕೂಗು ಇದ್ದೇ ಇರುತ್ತವೆ. ಕಿವಿ ಅವನ್ನು ಬೇಗ ಬದಿಗಿಡುತ್ತದೆ. ನಿಜವಾದ ತೊಡಕು ಬೇರೆ ಕಡೆ ಇದೆ. ಮೈಕಿಗೆ ಒಗ್ಗಿದ ಮೃದಂಗದವರನ್ನು ಕೈ ತಗ್ಗಿಸಿ ಎಂದು ಕೇಳಿಕೊಳ್ಳಬೇಕು. ಮನೆಗೆ ಕರೆದ ವಿದ್ವಾಂಸರಿಗೆ ಆ ಮಾತು ಹೇಳುವವರು ಯಾರು?