ತೊತ್ತೋಚಾನ್ ಮತ್ತು ನಮ್ಮ ಎಲ್‌ಕೆಜಿ

ಮಗಳನ್ನು ಎಲ್‌ಕೆಜಿಗೆ ಸೇರಿಸುವ ಮುಂಚೆ ಶಾಲೆಯವರು ‘ಇಂಟರಾಕ್ಷನ್’ ಅಂತ ಒಂದು ಇಟ್ಟಿದ್ದರು. ಟೀಚರ್ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ನಿಂಗೇನಿಷ್ಟ ಪುಟ್ಟಿ ಅಂತ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಶುರು ಹಚ್ಚಿಕೊಂಡೆ: ಅಆಇಈ ಬರುತ್ತೆ ಮೇಡಂ, ಎಬಿಸಿಡಿ ಬರೀತಾಳೆ, ಐವತ್ತರ ತನಕ ಎಣಿಸ್ತಾಳೆ. ‘ಇಲ್ಲಿ ಮತ್ತೆ ಅದನ್ನೇ ಹೇಳಿಕೊಟ್ಟರೆ ಇವಳಿಗೆ ಬೋರ್ ಆಗಲ್ವಾ?’ ಅಂತಲೂ ಕೇಳಿಬಿಟ್ಟೆ. ಟೀಚರ್ ನಕ್ಕರು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು.

ಆ ವಾರವೇ ‘ತೊತ್ತೋಚಾನ್’ ಮತ್ತೆ ಓದಿದೆ. ಜಪಾನಿನ ಟಿವಿ ತಾರೆ ತೆತ್ಸುಕೊ ಕುರೊಯನಾಗಿ 1981ರಲ್ಲಿ ಪ್ರಕಟಿಸಿದ ಬಾಲ್ಯದ ನೆನಪುಗಳು ಇವು. ಕನ್ನಡದಲ್ಲೂ ಸಿಗುತ್ತೆ. ಹೊಸ ಅಪ್ಪ-ಅಮ್ಮಂದಿರಿಗೆ ಯಾರಾದರೂ ಕೊಡುವ ಪುಸ್ತಕ. ಹೆಚ್ಚಿನವರು ನೆನಪಿಟ್ಟುಕೊಳ್ಳುವುದು ರೈಲುಬೋಗಿಯ ತರಗತಿಗಳನ್ನು ಮಾತ್ರ. ‘ಆಡಿಕೊಂಡಿರಲಿ ಬಿಡಿ, ಓದು ಯಾಕೆ ಈಗಲೇ’ ಅನ್ನುವವರ ಬೈಬಲ್ ಇದು ಅಂತ ನಾನೂ ಅಂದುಕೊಂಡಿದ್ದೆ.

ಎರಡನೇ ಓದಿನಲ್ಲಿ ಗೊತ್ತಾಗಿದ್ದು, ಪುಸ್ತಕ ಅದನ್ನು ಹೇಳುತ್ತಲೇ ಇಲ್ಲ. ತೊಮೊಎ ಶಾಲೆಯಲ್ಲಿ ಬೆಳಗ್ಗೆ ಟೀಚರ್ ಆ ದಿನ ಮಾಡಬೇಕಾದ ಎಲ್ಲ ವಿಷಯಗಳ ಲೆಕ್ಕ, ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಯಾವುದರಿಂದ ಶುರು ಮಾಡಬೇಕು ಅನ್ನುವುದು ಮಕ್ಕಳಿಗೆ ಬಿಟ್ಟಿದ್ದು. ಒಬ್ಬ ಪ್ರಬಂಧ ಬರೀತಿದ್ದರೆ ಹಿಂದಿನವನು ವಿಜ್ಞಾನದ ಪ್ರಯೋಗದಲ್ಲಿ ಮುಳುಗಿರುತ್ತಾನೆ. ಇಷ್ಟವಿಲ್ಲದ ವಿಷಯವನ್ನೂ ಸಂಜೆಯೊಳಗೆ ಮುಗಿಸಲೇಬೇಕು. ಯಾವ ಮಗುವಿಗೆ ಏನಿಷ್ಟ, ಎಲ್ಲಿ ತಡವರಿಸುತ್ತೆ ಅನ್ನೋದು ಟೀಚರ್‌ಗೆ ಹೀಗೆ ತಿಳಿಯುತ್ತದೆ. ನಾನು ಶಾಲೆಯಿಂದ ಕೇಳಿದ ‘ಚಾಲೆಂಜ್’ ಅಂದರೆ ಇನ್ನೊಂದು ವರ್ಕ್‌ಶೀಟು, ಒಂದು ವರ್ಷ ಮುಂದಿನ ಪುಸ್ತಕ. ಇಲ್ಲಿರುವ ಸವಾಲು ಬೇರೆ: ಆರು ವರ್ಷದ ಮಗು ತನ್ನ ದಿನವನ್ನು ತಾನೇ ಜೋಡಿಸಿಕೊಳ್ಳಬೇಕು. ಮೂವತ್ತೈದು ದಾಟಿದ ನನಗೇ ಅದು ಇನ್ನೂ ಸರಿಯಾಗಿ ಬಂದಿಲ್ಲ.

ಹಾಗಂತ ಪುಸ್ತಕವನ್ನು ತಲೆಮೇಲೆ ಹೊತ್ತುಕೊಳ್ಳುವ ಹಾಗೂ ಇಲ್ಲ. ಮೊದಲನೆಯದು, ಇದನ್ನು ಬರೆದವರು ಗೆದ್ದವರು. ಆ ಶಾಲೆಯಲ್ಲಿ ಲೆಕ್ಕ ಬಾರದೆ ಒದ್ದಾಡಿದ ಮಗು ಇದ್ದಿದ್ದರೆ ಅದರ ಕತೆ ನಮಗೆ ಸಿಗುವುದಿಲ್ಲ. ಎರಡನೆಯದು, ಇಡೀ ಶಾಲೆಗೆ ಸುಮಾರು ಐವತ್ತೇ ಮಕ್ಕಳು. ನಮ್ಮಲ್ಲಿ ಒಂದೊಂದು ಸೆಕ್ಷನ್ನಿಗೇ ಮೂವತ್ತು, ನಲವತ್ತು. ಮೂರನೆಯದು, ತೊತ್ತೋಚಾನ್‌ಳ ಅಪ್ಪ ಆರ್ಕೆಸ್ಟ್ರಾದಲ್ಲಿ ವಯೊಲಿನ್ ನುಡಿಸುವವರು. ಇಂಥ ಶಾಲೆ ಹುಡುಕುವ ಪುರುಸೊತ್ತು, ಅನುಕೂಲ ಆ ಮನೆಗಿತ್ತು. ದುಡ್ಡಿನ ಮಾತನ್ನು ಪುಸ್ತಕ ಹೆಚ್ಚೇನೂ ಎತ್ತುವುದಿಲ್ಲ. ಅಡ್ಮಿಷನ್ ಫೀಸಿನ ಇಎಂಐ ಕಟ್ಟುವ ನಮಗೆ ಅದು ಎದ್ದು ಕಾಣುತ್ತೆ.

ಇಷ್ಟೆಲ್ಲ ತಕರಾರು ಎತ್ತಿದ ಮೇಲೂ ಎರಡು ಜಾಗ ನನ್ನನ್ನು ಬಿಡಲಿಲ್ಲ. ಒಂದು ಆಟೋಟದ ದಿನ. ಕೈಕಾಲು ಗಿಡ್ಡವಾಗಿಯೇ ಉಳಿದ ತಕಹಾಶಿ ಎಂಬ ಹುಡುಗ ಹೆಚ್ಚುಕಮ್ಮಿ ಎಲ್ಲ ಸ್ಪರ್ಧೆಗಳಲ್ಲೂ ಮೊದಲು ಬರುತ್ತಾನೆ. ಅವನ ಮೈಕಟ್ಟಿಗೆ ಅನುಕೂಲವಾಗುವ ಹಾಗೆ ಹೆಡ್‌ಮಾಸ್ಟರ್ ಕೊಬಾಯಾಶಿ ಆಟಗಳನ್ನೇ ಕಟ್ಟಿದ್ದರು. ಬಹುಮಾನ ಮೂಲಂಗಿ, ಸೊಪ್ಪು. ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಲೆವೆಲ್’ ಅನ್ನುವ ಮಾತು ಬಂದಾಗಲೆಲ್ಲ ನನಗೆ ಈಗ ಆ ಮೂಲಂಗಿ ನೆನಪಾಗುತ್ತೆ.

ಇನ್ನೊಂದು, ಮೊದಲ ಭೇಟಿ. ಡೆಸ್ಕಿನ ಮುಚ್ಚಳ ನೂರಾರು ಸಲ ತೆಗೆದು ಹಾಕಿದ್ದಕ್ಕೆ, ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆದಿದ್ದಕ್ಕೆ ಹಳೆ ಶಾಲೆಯಿಂದ ಹೊರಬಿದ್ದ ಹುಡುಗಿ ಇವಳು. ಅವಳಿಗೆ ಇಪ್ಪತ್ತು ತುಂಬುವ ತನಕ ಅಮ್ಮ ಆ ವಿಷಯ ಹೇಳುವುದಿಲ್ಲ. ಕೊಬಾಯಾಶಿ ಮೊದಲು ಅಮ್ಮನನ್ನು ಮನೆಗೆ ಕಳಿಸುತ್ತಾರೆ. ಆಮೇಲೆ ಮಗು ಹೇಳಿದ್ದನ್ನೆಲ್ಲ ನಾಲ್ಕು ಗಂಟೆ ಕೂತು ಕೇಳುತ್ತಾರೆ, ಆಕಳಿಸದೆ. ನಾಲ್ಕು ಗಂಟೆ! ನಾನು ಮಗಳಿಗೆ ನಾಲ್ಕು ಸೆಕೆಂಡೂ ಕೊಟ್ಟಿರಲಿಲ್ಲ.

ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅದನ್ನು ಬೆಂಗಳೂರಿನಲ್ಲಿ ಹುಡುಕುವುದು ದಂಡ. ಅವಳಿಗೆ ಬೋರ್ ಆಗುತ್ತೆ ಅನ್ನೋ ನನ್ನ ಚಿಂತೆ ಪೂರ್ತಿ ಸುಳ್ಳೂ ಅಲ್ಲ. ಆಗಲೂಬಹುದು, ಆದಾಗ ಟೀಚರ್ ಹತ್ತಿರ ಮಾತಾಡಬೇಕು. ಆದರೆ ಅವತ್ತು ನಾನು ಕೇಳಿಸಿಕೊಳ್ಳಬೇಕು ಅಂತಿದ್ದ ಉತ್ತರ ‘ನಿಮ್ಮ ಮಗಳು ಎಲ್ಲರಿಗಿಂತ ಮುಂದಿದ್ದಾಳೆ’ ಅನ್ನೋದು. ಅದಕ್ಕೂ ಅವಳ ಬೋರ್‌ಗೂ ಸಂಬಂಧ ಇರಲಿಲ್ಲ.

ಪುಸ್ತಕ ಮುಗಿಸಿದ ರಾತ್ರಿ ಕೇಳಿದೆ, ‘ಅವತ್ತು ಟೀಚರ್‌ಗೆ ಏನು ಹೇಳಬೇಕು ಅಂತಿದ್ದೆ ಪುಟ್ಟಿ?’

‘ಜೆಸಿಬಿ ಇತ್ತಪ್ಪಾ ಹೊರಗೆ,’ ಅಂದಳು. ಅದು ಮಣ್ಣು ಹೇಗೆ ಎತ್ತುತ್ತೆ, ಡ್ರೈವರ್ ಅಂಕಲ್ ಯಾಕೆ ಚಪ್ಪಲಿ ಬಿಟ್ಟಿದ್ದರು ಅಂತ ಶುರುವಾಯಿತು. ನಾನು ಹನ್ನೊಂದು ನಿಮಿಷ ತಡೆದೆ. ಆಮೇಲೆ ಆಕಳಿಕೆ ಬಂತು.