ಮೂರನೆಯ ಹಂತದ ತೂಬು

ಗ್ಲೂಕೋಸ್ ಪೈರುವೇಟ್ ಆಗುವವರೆಗಿನ ಹತ್ತು ಹಂತಗಳಲ್ಲಿ ನನ್ನ ಮನಸ್ಸು ಪ್ರತಿ ಸಲ ತಂಗುವುದು ಮೂರನೆಯದರಲ್ಲಿ. ಅಷ್ಟು ಹೊತ್ತಿಗೆ ಜೀವಕೋಶ ಗಳಿಸಿದ್ದು ಏನೂ ಇಲ್ಲ. ಮೊದಲ ಹಂತದಲ್ಲೊಂದು, ಇಲ್ಲೊಂದು ಎಟಿಪಿಯನ್ನು ಕೈಯಿಂದಲೇ ಕಳೆದುಕೊಂಡಿದೆ. ನಾಲ್ಕು ಎಟಿಪಿ ಮರಳಿ ಬರುವುದು ಮುಂದೆ. ನಿವ್ವಳ ಉಳಿಯುವುದು ಎರಡೇ.

ಹತ್ತರಲ್ಲಿ ಏಳು ಹಂತಗಳು ಸಮತೋಲನದ ಆಸುಪಾಸಿನಲ್ಲೇ ನಡೆಯುತ್ತವೆ, ಹಿಂದಕ್ಕೂ ಹೊರಳಬಲ್ಲವು. ಅವುಗಳಲ್ಲಿ ನಾಲ್ಕನೆಯದು ಬಲು ಸೊಗಸು. ಆರು ಕಾರ್ಬನ್ನಿನ ಸಕ್ಕರೆ ಎರಡಾಗಿ ಸೀಳುವ ಈ ಕ್ರಿಯೆಗೆ ಪ್ರಮಾಣಿತ ಸ್ಥಿತಿಯ ಲೆಕ್ಕದಲ್ಲಿ ಮೋಲ್‌ಗೆ ಸುಮಾರು 24 ಕಿಲೋಜೌಲ್‌ಗಳ ಏರು. ಆ ಲೆಕ್ಕವನ್ನಷ್ಟೇ ನೋಡಿದರೆ ಇದು ಮುಂದೆ ಸಾಗುವಂತೆಯೇ ಇಲ್ಲ. ಆದರೆ ಕೋಶದೊಳಗೆ ಹುಟ್ಟಿದ ತುಂಡುಗಳನ್ನು ಮುಂದಿನ ಕಿಣ್ವಗಳು ಬಳಸಿಕೊಳ್ಳುತ್ತಲೇ ಇರುತ್ತವೆ. ಅವುಗಳ ಸಾಂದ್ರತೆ ತಗ್ಗಿಯೇ ಇರುವುದರಿಂದ ಏರು ಸಪಾಟಾಗುತ್ತದೆ.

ಉಳಿದ ಮೂರು, ಅಂದರೆ ಒಂದು, ಮೂರು, ಹತ್ತನೆಯವು, ಮುಕ್ತ ಶಕ್ತಿ ದೊಡ್ಡದಾಗಿ ಇಳಿಯುವ ಹಂತಗಳು. ಅದೇ ದಾರಿಯಲ್ಲಿ ಹಿಂತಿರುಗಲಾಗದು. ನಿಯಂತ್ರಣ ಕುಳಿತಿರುವುದೂ ಅಲ್ಲೇ. ಮೊದಲ ಹಂತದಲ್ಲಿ ಹುಟ್ಟುವ ಗ್ಲೂಕೋಸ್-6-ಫಾಸ್ಫೇಟನ್ನು ಗ್ಲೈಕೋಜನ್ ಮಾಡಿ ಕೂಡಿಡಲೂಬಹುದು. ಮೂರನೆಯದನ್ನು ದಾಟಿದ್ದು ಮಾತ್ರ ಒಡೆಯಲೆಂದೇ ಹೊರಟದ್ದು. ಕೆರೆಗೆ ತೂಬು ಇಡುವವರು ಜಾಗ ನೋಡಿ ಇಡುವಂತೆ, ಜೀವಕೋಶವೂ ತನ್ನ ಮುಖ್ಯ ತೂಬನ್ನು ಇಲ್ಲಿಟ್ಟಿದೆ. ಅದರ ಹೆಸರು ಫಾಸ್ಫೋಫ್ರಕ್ಟೋಕೈನೇಸ್-1.

ಈ ಕಿಣ್ವದಲ್ಲಿ ಎಟಿಪಿ ಬಂದು ಕೂರಲು ಎರಡು ಬಗೆಯ ತಾಣಗಳಿವೆ. ಒಂದರಲ್ಲಿ ಅದು ಖರ್ಚಾಗುತ್ತದೆ. ಇನ್ನೊಂದರಲ್ಲಿ, ಕೋಶದಲ್ಲಿ ತಾನು ಯಥೇಚ್ಛವಾಗಿದ್ದಾಗ ಕೂತು, ಕಿಣ್ವದ ವೇಗ ತಗ್ಗಿಸುತ್ತದೆ. ಒಂದೇ ಅಣು ಇಲ್ಲಿ ಇಂಧನವೂ ಹೌದು, ಸಾಕೆನ್ನುವ ಸುದ್ದಿಯೂ ಹೌದು.

ಬೇಕೆನ್ನುವ ಸುದ್ದಿ ತರುವುದು ಎಎಂಪಿ. ಇದರ ನಾಜೂಕು ನನಗೆ ಇನ್ನೂ ಪ್ರಿಯ. ಎಟಿಪಿ ಖರ್ಚಾಗಿ ಎಡಿಪಿ ಹೆಚ್ಚಿದಾಗ, ಎರಡು ಎಡಿಪಿಗಳು ಸೇರಿ ಒಂದು ಎಟಿಪಿ, ಒಂದು ಎಎಂಪಿ ಆಗುತ್ತವೆ. ಎಎಂಪಿ ಮೊದಲಿಗೆ ತೀರ ಕಡಿಮೆ ಇರುವುದರಿಂದ, ಎಟಿಪಿ ಶೇಕಡಾ 10ರಷ್ಟು ಕುಸಿದರೂ ಇದು ಹಲವು ಪಟ್ಟು ಏರುತ್ತದೆ. ಎಟಿಪಿಯ ಸಣ್ಣ ಕೊರತೆ ಕಿಣ್ವಕ್ಕೆ ದೊಡ್ಡ ದನಿಯಲ್ಲಿ ಕೇಳಿಸುವುದು ಹೀಗೆ.

1980ರಲ್ಲಿ ಬೆಲ್ಜಿಯಂನ ಹೆರ್ಸ್ ಮತ್ತು ವ್ಯಾನ್ ಷಾಫ್ಟಿಂಗನ್ ಇನ್ನೊಂದು ಅಣುವನ್ನು ಕಂಡರು: ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟ್. ಮೂರನೆಯ ಹಂತದ ಉತ್ಪನ್ನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಫಾಸ್ಫೇಟಿನ ಜಾಗ ಮಾತ್ರ. ಹತ್ತು ಹಂತಗಳ ಹಾದಿಯಲ್ಲಿ ಇದು ಎಲ್ಲೂ ಇಲ್ಲ. ಇದರ ಕೆಲಸ ಕಿಣ್ವವನ್ನು ಹುರಿದುಂಬಿಸುವುದು. ರಕ್ತದಲ್ಲಿ ಸಕ್ಕರೆ ಇಳಿದು ಗ್ಲುಕಗಾನ್ ಬಂದಾಗ ಯಕೃತ್ತಿನಲ್ಲಿ ಇದರ ಪ್ರಮಾಣ ಇಳಿಯುತ್ತದೆ. ಆಗ ಗ್ಲೂಕೋಸ್ ಒಡೆಯುವ ಕೆಲಸ ನಿಧಾನವಾಗಿ, ಗ್ಲೂಕೋಸ್ ಕಟ್ಟುವ ಕೆಲಸ ಚುರುಕಾಗುತ್ತದೆ.