ಬಸವನಹುಳು ತೊಟ್ಟಿ ತೊಳೆಯುವುದಿಲ್ಲ

ಅಕ್ವೇರಿಯಂ ಅಂಗಡಿಯವರು ಮೀನು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುವ ಹೊತ್ತಿಗೆ ಒಂದು ಸಲಹೆಯನ್ನೂ ಸೇರಿಸಿ ಕೊಡುತ್ತಾರೆ: ‘ಎರಡು ಸ್ನೇಲ್ ಹಾಕಿಬಿಡಿ ಸಾರ್, ಟ್ಯಾಂಕ್ ತಾನೇ ಕ್ಲೀನ್ ಆಗುತ್ತೆ.’ ಹಳದಿ ಚಿಪ್ಪು, ಉದ್ದ ಮೀಸೆ, ಗಾಜಿನ ಮೇಲೆ ಸದ್ದಿಲ್ಲದ ನಡಿಗೆ. ನೋಡಲು ಚೆಂದ, ಬೆಲೆಯೂ ಕಡಿಮೆ. ಹೀಗೆ ಬಸವನಹುಳು ನಮ್ಮ ಮನೆಗಳಿಗೆ ಸಾಕುಪ್ರಾಣಿಯಾಗಿ ಬರುವುದಿಲ್ಲ, ಸಂಬಳವಿಲ್ಲದ ಆಳಾಗಿ ಬರುತ್ತದೆ. ಅದರ ಮುಂದಿನ ಕಷ್ಟಗಳೆಲ್ಲ ಈ ನೇಮಕಾತಿಯಿಂದಲೇ ಶುರುವಾಗುತ್ತವೆ ಎಂಬುದು ನನ್ನ ವಾದ.

ಮೊದಲು ‘ಕ್ಲೀನ್’ ಅಂದರೇನು ನೋಡೋಣ. ಗಾಜಿಗೆ ಹತ್ತಿದ ಪಾಚಿ ನಮ್ಮ ಕಣ್ಣಿಗೆ ಬೀಳುವ ಕೊಳೆ. ಮೀನಿನ ಪ್ರಾಣಕ್ಕೆ ಅದರಿಂದ ಅಪಾಯವೇನೂ ಇಲ್ಲ. ನಿಜವಾದ ಕೊಳೆ ನೀರಿನಲ್ಲಿ ಕರಗಿರುತ್ತದೆ, ಕಾಣುವುದಿಲ್ಲ. ಮೀನಿನ ಹಿಕ್ಕೆಯಿಂದ, ತಿನ್ನದೆ ಉಳಿದ ತಿಂಡಿಯಿಂದ ಹುಟ್ಟುವ ಅಮೋನಿಯಾ ಅದು. ಫಿಲ್ಟರಿನಲ್ಲೂ ಮರಳಿನಲ್ಲೂ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಆ ನೈಟ್ರೇಟನ್ನು ಗಿಡಗಳು ಹೀರಬೇಕು, ಇಲ್ಲವೇ ನಾವು ನೀರು ಬದಲಿಸಿ ತೆಗೆಯಬೇಕು. ಈ ಲೆಕ್ಕದಲ್ಲಿ ಬಸವನಹುಳು ಕೊಳೆಯನ್ನು ಕಳೆಯುವ ಕಡೆ ಇಲ್ಲ, ಕೂಡುವ ಕಡೆ ಇದೆ. ಅದೂ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ, ಅಮೋನಿಯಾ ಬಿಡುತ್ತದೆ. ಗಾಜಿನ ಮೇಲಿದ್ದ ಹಸಿರು ಕರಿ ದಾರದಂತೆ ತಳ ಸೇರುತ್ತದೆ. ಕಸ ಗುಡಿಸಿ ಅದೇ ಕೋಣೆಯ ಮೂಲೆಗೆ ಒತ್ತರಿಸಿದಂತೆ.

ಮೀನಿನ ಹಿಕ್ಕೆಯನ್ನು ಬಸವನಹುಳು ತಿಂದು ಬದುಕುತ್ತದೆ ಎಂಬುದು ಇನ್ನೊಂದು ನಂಬಿಕೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ‘ಮಿಸ್ಟರಿ ಸ್ನೇಲ್’ (ವಿಜ್ಞಾನದ ಹೆಸರು ಪೊಮೇಸಿಯಾ ಡಿಫ್ಯೂಸಾ) ದಕ್ಷಿಣ ಅಮೆರಿಕದ ಜೀವಿ. ಕೊಳೆಯುವ ಎಲೆ, ಮೆತ್ತನೆಯ ಪಾಚಿ, ಸತ್ತ ಮೀನು ಅದರ ಊಟ. ಹೊಸದಾಗಿ ತೊಳೆದು, ಪ್ಲಾಸ್ಟಿಕ್ ಗಿಡ ನೆಟ್ಟು, ಬಣ್ಣದ ಕಲ್ಲು ಹಾಸಿದ ತೊಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ. ಇದ್ದ ಚೂರುಪಾರು ಪಾಚಿ ಬೇಗ ಮುಗಿಯುತ್ತದೆ. ಆಮೇಲೆ ಹುಳು ಉಪವಾಸ ಬೀಳುತ್ತದೆ. ಹಸಿದ ಮೀನು ಮೇಲೆ ಬಂದು ಬಾಯಿ ತೆರೆದು ಬೇಡುತ್ತದೆ. ಹಸಿದ ಬಸವನಹುಳು ಚಿಪ್ಪಿನೊಳಗೆ ಸೇರಿ ಮುಚ್ಚಳ ಹಾಕಿಕೊಳ್ಳುತ್ತದೆ, ಮನೆಯವರು ‘ಮಲಗಿದೆ’ ಎಂದುಕೊಳ್ಳುತ್ತಾರೆ. ನೀರು ವಾಸನೆ ಹೊಡೆದಾಗಲೇ ಅದು ಸತ್ತು ದಿನಗಳಾದವು ಎಂದು ತಿಳಿಯುವುದು.

ಅದರ ಊಟಕ್ಕೆ ಖರ್ಚೂ ಇಲ್ಲ, ಕಷ್ಟವೂ ಇಲ್ಲ. ಸೌತೆಕಾಯಿ, ಹೀರೆಕಾಯಿ, ಪಾಲಕ್ ಎಲೆ, ಯಾವುದಾದರೂ ಸರಿ. ಚೆನ್ನಾಗಿ ತೊಳೆದು, ಉಪ್ಪು ಹಾಕದೆ ಕುದಿವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ, ಆರಿಸಿ, ಮುಳುಗುವಂತೆ ಮಾಡಿ ಹಾಕಿದರಾಯಿತು. ರಾತ್ರಿ ಹಾಕಿದ್ದರಲ್ಲಿ ಉಳಿದದ್ದನ್ನು ಬೆಳಿಗ್ಗೆ ತೆಗೆಯಬೇಕು. ಹೀರೆಕಾಯಿ ಹೋಳಿನ ಅಂಚನ್ನು ಅದು ಕೆರೆಯುವುದನ್ನು ಗಾಜಿಗೆ ಕಣ್ಣು ಹಚ್ಚಿ ನೋಡಿ. ಬಾಯೊಳಗಿಂದ ಅರದಂಥ ನಾಲಿಗೆ ಹೊರಚಾಚಿ ಹಿಂದೆ ಸರಿಯುತ್ತದೆ, ಅದರ ಮೇಲೆ ಸಾಲುಸಾಲು ಸೂಕ್ಷ್ಮ ಹಲ್ಲುಗಳಿವೆ. ಪಾಚಿ ಹಿಡಿದ ಗಾಜಿನ ಮೇಲೆ ಇದೇ ನಾಲಿಗೆ ಅಂಕುಡೊಂಕಾದ ಗೀರುಗಳನ್ನು ಬಿಡುತ್ತದೆ. ಮಕ್ಕಳಿಗೆ ಟಿ.ವಿ.ಗಿಂತ ಇದು ವಾಸಿ, ನನಗಂತೂ ಹೌದು.

ಪ್ರತಿವಾದದಲ್ಲಿ ಹುರುಳಿಲ್ಲವೆಂದಲ್ಲ. ನೆರೈಟ್ ಜಾತಿಯವು ಗಾಜಿನ ಪಾಚಿಯನ್ನು ನಿಜವಾಗಿಯೂ ಚೊಕ್ಕಟವಾಗಿ ಕೆರೆಯುತ್ತವೆ. ಅವುಗಳ ಮರಿಗಳಿಗೆ ಸಾಮಾನ್ಯವಾಗಿ ಉಪ್ಪುಬೆರೆತ ಅಳಿವೆ ನೀರು ಬೇಕು, ಹಾಗಾಗಿ ಸಿಹಿನೀರ ತೊಟ್ಟಿಯಲ್ಲಿ ಸಂಸಾರ ಬೆಳೆಯುವುದಿಲ್ಲ. ಬಿಳಿ ಎಳ್ಳಿನಂಥ ಮೊಟ್ಟೆಗಳನ್ನು ಮಾತ್ರ ಕಲ್ಲು, ಕಟ್ಟಿಗೆ ಎನ್ನದೆ ಅಂಟಿಸುತ್ತವೆ. ಉದ್ದ ಮೊನೆಯ ಟ್ರಂಪೆಟ್ ಸ್ನೇಲ್ ಹಗಲಿಡೀ ಮರಳಿನೊಳಗೆ ಹುದುಗಿದ್ದು ಅದನ್ನು ಸಡಿಲಿಸುತ್ತದೆ. ಇವು ಉಪಕಾರಗಳೇ. ಆದರೆ ಪಾಚಿ ಮುಗಿದ ಮೇಲೆ ನೆರೈಟ್ ಕೂಡ ಹಸಿವಿನಿಂದಲೇ ಸಾಯುತ್ತದೆ. ಕೆಲಸ ಚೆನ್ನಾಗಿ ಮಾಡಿದ ಆಳಿಗೆ ಸಿಗುವ ಬಹುಮಾನ ಅದು.

ತಮಾಷೆಯೆಂದರೆ, ಕೊಂಡು ತಂದ ಹುಳುವನ್ನು ಹೀಗೆ ಹೊಗಳುವವರೇ ಕೊಳ್ಳದೆ ಬಂದದ್ದನ್ನು ಪೀಡೆ ಎಂದು ಬೈಯುತ್ತಾರೆ. ನೀರುಗಿಡದ ಎಲೆಯಡಿ ಲೋಳೆಮುದ್ದೆಯಾಗಿ ಬರುವ ಬ್ಲ್ಯಾಡರ್ ಸ್ನೇಲ್, ಚಪ್ಪಟೆ ಸುರುಳಿಯ ರ‍್ಯಾಮ್ಸ್‌ಹಾರ್ನ್ ಇವುಗಳ ಮೇಲೆ ಆ ಸಿಟ್ಟು. ಇವುಗಳಲ್ಲಿ ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿವೆ, ಜೊತೆಯಿಲ್ಲದಿದ್ದರೆ ಒಂಟಿಯಾಗಿಯೂ ಸಂತಾನ ಬೆಳೆಸಬಲ್ಲವು. ಟ್ರಂಪೆಟ್‌ನಲ್ಲಿ ಹೆಣ್ಣು ಗಂಡಿನ ನೆರವಿಲ್ಲದೆ ನೇರ ಮರಿ ಹಾಕುತ್ತದೆ. ‘ಎರಡಿತ್ತು, ಇನ್ನೂರಾಯಿತು’ ಎಂಬ ದೂರು ಸುಳ್ಳಲ್ಲ. ಆದರೆ ಬರಿಯ ನೀರಿನಿಂದ ಮಾಂಸ ಹುಟ್ಟುವುದಿಲ್ಲ. ಇನ್ನೂರು ಹುಳುಗಳ ಮೈ ತುಂಬಲು ಬೇಕಾದ ಆಹಾರ ಎಲ್ಲಿಂದಲೋ ಬಂದಿರಬೇಕು. ಮೀನು ತಿಂದು ಮುಗಿಸಲಾಗದಷ್ಟು ತಿಂಡಿಯನ್ನು ದಿನಕ್ಕೆ ಮೂರು ಸಲ ಉದುರಿಸುವ ಕೈ ಯಾರದೆಂದು ಕೇಳಬೇಕಿಲ್ಲ. ಆ ಕೈ ಹಿಡಿತಕ್ಕೆ ಬಂದರೆ ಕೆಲವು ವಾರಗಳಲ್ಲಿ ಸಂಖ್ಯೆ ತಾನಾಗಿ ಇಳಿಯುತ್ತದೆ. ಈ ಸಣ್ಣ ಹುಳುಗಳನ್ನು ನಾನು ಪೀಡೆ ಎನ್ನಲಾರೆ, ತೊಟ್ಟಿಯ ಲೆಕ್ಕಪತ್ರ ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಬೇರೆ ಇಲ್ಲ.

ಕೈ ಹಿಡಿತಕ್ಕೆ ತರುವ ಬದಲು ಜನ ಔಷಧಿ ಹುಡುಕುತ್ತಾರೆ. ಬಸವನಹುಳು ಕೊಲ್ಲುವ ದ್ರಾವಣಗಳಲ್ಲಿ, ಮೀನಿನ ಕೆಲವು ರೋಗಗಳ ಮದ್ದಿನಲ್ಲಿ ಇರುವುದು ತಾಮ್ರ. ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ತಾಮ್ರದ ಲವಣವೇ. ಆ ದ್ರಾವಣದ ಎರಡು ಮುಖ್ಯ ಪದಾರ್ಥಗಳಲ್ಲಿ ಮೈಲುತುತ್ತ ಬಸವನಹುಳುವನ್ನು ಕೊಲ್ಲುತ್ತದೆ, ಸುಣ್ಣ ಅದರ ಚಿಪ್ಪು ಕಟ್ಟುವ ಕ್ಯಾಲ್ಸಿಯಂನ ಮೂಲ. ಮಿಸ್ಟರಿ ಸ್ನೇಲ್‌ನ ರಕ್ತದಲ್ಲಿ ಆಮ್ಲಜನಕ ಸಾಗಿಸುವ ವಸ್ತುವಿನಲ್ಲೇ ತಾಮ್ರವಿದೆ, ಆದರೂ ನೀರಿಗೆ ಬಿದ್ದ ತಾಮ್ರ ಅದಕ್ಕೆ ವಿಷ. ಮದ್ದು ಹಾಕಿದ ಮರುದಿನ ಮರಳಿನಡಿ ನೂರಾರು ಹುಳು ಒಟ್ಟಿಗೆ ಸತ್ತು ಕೊಳೆತು ಅಮೋನಿಯಾ ಏರುತ್ತದೆ, ಮೀನೂ ಸಾಯುತ್ತದೆ. ಆಗ ಬೈಗುಳ ಮತ್ತೆ ಹುಳುವಿಗೇ.

ಇನ್ನು ಕೆಲವರು ಹುಳು ತಿನ್ನಲು ಇನ್ನೊಂದು ಜೀವಿಯನ್ನು ತರುತ್ತಾರೆ. ಕೇರಳದ ಪಂಪಾ ಮುಂತಾದ ಪಶ್ಚಿಮ ಘಟ್ಟದ ಹೊಳೆಗಳ ಬಟಾಣಿ ಗಾತ್ರದ ಪಫರ್ ಮೀನಿಗೆ ಇದಕ್ಕಾಗಿ ಬೇಡಿಕೆಯಿದೆ. ಬೆಳೆದರೂ ಸುಮಾರು ಮೂರು ಸೆಂಟಿಮೀಟರ್, ಜಗತ್ತಿನ ಅತಿ ಚಿಕ್ಕ ಪಫರ್‌ಗಳಲ್ಲಿ ಒಂದು. ಅದಕ್ಕೆ ಬಸವನಹುಳು ಇಷ್ಟ, ಬೇರೆ ಮೀನುಗಳ ರೆಕ್ಕೆ ಕಚ್ಚುವುದೂ ಇಷ್ಟ. ಹೊಳೆಗಳಿಂದ ಹಿಡಿದು ಮಾರುವ ಈ ಮೀನು ಅಪಾಯದಂಚಿನ ಪಟ್ಟಿಯಲ್ಲಿದೆ. ಹೆಚ್ಚು ತಿಂಡಿ ಹಾಕಿದ ತಪ್ಪಿಗೆ ಘಟ್ಟದ ಹೊಳೆಯೊಂದು ದಂಡ ಕಟ್ಟಬೇಕೇಕೆ?

ನೀರಿನ ವಿಷಯದಲ್ಲಿ ಒಂದು ವಿಚಿತ್ರ ತಪ್ಪು ತಿಳಿವಳಿಕೆ ಇದೆ. ಆರ್‌ಒ ನೀರು ಶುದ್ಧ, ಹಾಗಾಗಿ ಒಳ್ಳೆಯದು ಎಂದು ಅದನ್ನೇ ತುಂಬುವವರಿದ್ದಾರೆ. ಬಸವನಹುಳುವಿಗೆ ಅದಕ್ಕಿಂತ ಕೆಟ್ಟ ನೀರು ಸಿಗುವುದು ಕಷ್ಟ. ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಉಳಿದಿರುವುದಿಲ್ಲ, ನೀರು ಆಮ್ಲದ ಕಡೆ ವಾಲಿದರೆ ಕಟ್ಟಿದ ಚಿಪ್ಪೂ ಸವೆಯುತ್ತದೆ. ಸುರುಳಿಯ ತುದಿ ಬೆಳ್ಳಗಾಗಿ ಗುಳಿ ಬಿದ್ದರೆ ಅದೇ ಲಕ್ಷಣ. ಬಕೆಟ್ಟಿಗೆ ಬಿಳಿ ಕಲೆ ಕಟ್ಟುತ್ತದೆಂದು ಬೆಂಗಳೂರಿನ ಮನೆಗಳಲ್ಲಿ ಶಾಪ ಹಾಕಿಸಿಕೊಳ್ಳುವ ಬೋರ್‌ವೆಲ್‌ನ ಗಡಸು ನೀರು ಈ ಪ್ರಾಣಿಗೆ ಹಬ್ಬ. ಕರಾವಳಿಯ ಮುರಕಲ್ಲು ನೆಲದ ಬಾವಿನೀರು ಮೆದು, ಹುಳಿ ಗುಣದ್ದು. ಅಲ್ಲಿಯವರು ಮೊಟ್ಟೆಚಿಪ್ಪನ್ನು ಕುದಿಸಿ ಪುಡಿ ಮಾಡಿ ಹಾಕಬೇಕಾದೀತು, ಅಥವಾ ಲವ್‌ಬರ್ಡ್ಸ್ ಪಂಜರಕ್ಕೆ ಸಿಕ್ಕಿಸುವ ಕಟಲ್‌ಬೋನ್ ತುಂಡನ್ನು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸದೆ ಸುರಿಯಬಾರದು, ಆ ಮಾತು ಮೀನಿಗೂ ಸಲ್ಲುತ್ತದೆ.

ಬೇಡವಾದ ಬಸವನಹುಳುವನ್ನು ಊರ ಕೆರೆಗೆ ಬಿಟ್ಟು ‘ಪಾಪ, ಬದುಕಿಕೊಳ್ಳಲಿ’ ಎಂದು ಪುಣ್ಯ ಕಟ್ಟಿಕೊಳ್ಳುವವರ ಬಗ್ಗೆ ಮಾತ್ರ ನನಗೆ ಸ್ವಲ್ಪವೂ ಸಹನೆ ಇಲ್ಲ. ಈ ಪುಣ್ಯದ ಚರಿತ್ರೆ ನಮ್ಮ ದೇಶದಲ್ಲೇ ಇದೆ. 1847ರಲ್ಲಿ ಡಬ್ಲ್ಯು.ಎಚ್. ಬೆನ್ಸನ್ ಎಂಬ ಚಿಪ್ಪುಜೀವಿ ಪ್ರಿಯ ಮಾರಿಷಸ್‌ನಿಂದ ಜೀವಂತ ಆಫ್ರಿಕನ್ ಬಸವನಹುಳುಗಳನ್ನು ಕಲ್ಕತ್ತೆಗೆ ತಂದ. ಅವು ತೋಟ ಸೇರಿದವು. ಅವುಗಳ ಸಂತತಿ ಇಂದು ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಲ್ಲಿ ಎಂಥ ಕಾಟ ಕೊಡುತ್ತಿದೆ ಎಂಬುದನ್ನು ಅಲ್ಲಿಯ ಬೆಳೆಗಾರರನ್ನು ಕೇಳಿ ತಿಳಿಯಬೇಕು. ತಂದವನು ಬಸವನಹುಳುವಿನ ಶತ್ರುವಲ್ಲ, ಅದರ ಅಭಿಮಾನಿ ಎಂಬುದನ್ನು ಗಮನಿಸಿ.

ಅದು ನೆಲದ ಹುಳು. ನೀರಿನಲ್ಲಿ ಅದಕ್ಕೆ ಸಮನಾದದ್ದು ಮಿಸ್ಟರಿ ಸ್ನೇಲ್‌ನ ದಾಯಾದಿ, ಗೋಲ್ಡನ್ ಆ್ಯಪಲ್ ಸ್ನೇಲ್. 1980ರ ಆಸುಪಾಸು ಮಾಂಸಕ್ಕೆಂದು ದಕ್ಷಿಣ ಅಮೆರಿಕದಿಂದ ತೈವಾನಿಗೆ ತಂದದ್ದು ಫಿಲಿಪ್ಪೀನ್ಸ್, ಥಾಯ್ಲೆಂಡ್, ವಿಯೆಟ್ನಾಂ ಗದ್ದೆಗಳಿಗೆ ಹಬ್ಬಿ ಎಳೆ ಭತ್ತದ ಸಸಿಗಳನ್ನು ಮುಗಿಸಿತು. ಸ್ಪೇನಿನ ಎಬ್ರೋ ನದೀಮುಖಜ ಭೂಮಿಯ ಭತ್ತದ ಗದ್ದೆಗಳಲ್ಲಿ 2009ರಲ್ಲಿ ಕಾಣಿಸಿಕೊಂಡ ಮೇಲೆ ಯುರೋಪಿಯನ್ ಒಕ್ಕೂಟ 2012ರಲ್ಲಿ ಈ ಇಡೀ ಕುಲವನ್ನೇ ನಿಷೇಧಿಸಿತು. ಅಂಗಡಿಯ ಹಳದಿ ಹುಳು ಸಾಧು, ಬಲಿತ ಗಿಡಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ ಎಂಬುದು ನಿಜವೇ. ಆದರೆ ಚಿಕ್ಕಂದಿನಲ್ಲಿ ಇವೆರಡನ್ನೂ ಬೇರೆಬೇರೆ ಎಂದು ಗುರುತಿಸುವುದು ಪರಿಣತರಿಗೂ ಸುಲಭವಲ್ಲ. ನಮ್ಮ ಕೆರೆ ಗದ್ದೆಗಳಿಗೆ ನಮ್ಮದೇ ಆ್ಯಪಲ್ ಸ್ನೇಲ್ ಇದೆ. ಪ್ರಾಣಿಶಾಸ್ತ್ರ ಓದಿದವರು ಪ್ರಯೋಗಾಲಯದ ಟ್ರೇಯಲ್ಲಿ ಕೊಯ್ದು ನೋಡಿದ ‘ಪೈಲಾ’ ಅದೇ, ಬೇಸಿಗೆಯಲ್ಲಿ ಕೆಸರಿನೊಳಗೆ ಮುಚ್ಚಳ ಬಿಗಿದುಕೊಂಡು ಮಳೆಗೆ ಕಾಯುವಂಥದು.

ಕೆರೆಯಿಂದ ಮನೆಗೆ ತರುವುದೂ ಜಾಣತನವಲ್ಲ. ನಮ್ಮ ನೀರಿನ ಚಪ್ಪಟೆ ಸುರುಳಿಯ ಬಸವನಹುಳು ಇಂಡೋಪ್ಲನಾರ್ಬಿಸ್, ದನಗಳಿಗೆ ಗೊರಕೆ ರೋಗ ತರುವ ಪರಾವಲಂಬಿಯ ಮಧ್ಯಂತರ ಮನೆ. ಇಂಥ ಪರಾವಲಂಬಿಗಳ ಮರಿಗಳು ನೀರಿನಲ್ಲಿ ಈಜಿ ಮನುಷ್ಯರ ಚರ್ಮಕ್ಕೂ ತುರಿಕೆ ಹಚ್ಚುತ್ತವೆ.

ಹಾಗಾದರೆ ಸಾಕಲೇಬಾರದೇ? ಸಾಕಿ. ಇಪ್ಪತ್ತು ಲೀಟರ್ ನೀರಿಗೆ ಒಂದೋ ಎರಡೋ ಮಿಸ್ಟರಿ ಸ್ನೇಲ್ ಸಾಕು. ಅದರ ಆಯುಸ್ಸೇ ಒಂದೆರಡು ವರ್ಷ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ತೊಟ್ಟಿಗೆ ಮುಚ್ಚಳ ಬೇಕು, ಏಕೆಂದರೆ ರಾತ್ರಿ ಏರಿ ಹೊರಗೆ ಬೀಳುತ್ತದೆ. ಮುಚ್ಚಳಕ್ಕೂ ನೀರಿಗೂ ನಡುವೆ ನಾಲ್ಕು ಬೆರಳು ಖಾಲಿ ಜಾಗವೂ ಬೇಕು. ಕಿವಿರಿನ ಜೊತೆ ಅದಕ್ಕೆ ಶ್ವಾಸಕೋಶವೂ ಇದೆ, ನಳಿಕೆ ಚಾಚಿ ಮೇಲಿನ ಗಾಳಿ ಎಳೆದುಕೊಳ್ಳುತ್ತದೆ. ಹೆಣ್ಣು ಮೊಟ್ಟೆಗೊಂಚಲು ಅಂಟಿಸುವುದೂ ಆ ಖಾಲಿ ಜಾಗದಲ್ಲೇ, ಗಾಜಿನ ಮೇಲೆ. ಒಂಟಿ ಹೆಣ್ಣು ತಂದೆವೆಂದು ನೆಮ್ಮದಿಯಿಂದ ಇರುವಂತಿಲ್ಲ, ಹಿಂದೆ ಕೂಡಿದ ಗಂಡಿನ ವೀರ್ಯವನ್ನು ಅದು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿರುತ್ತದೆ. ಮರಿ ಬೇಡವಾದರೆ ಎರಡು ವಾರ ತುಂಬುವ ಮೊದಲೇ ಗೊಂಚಲನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿಸಿ, ಚೀಲದಲ್ಲಿ ಕಟ್ಟಿ, ಒಂದೆರಡು ದಿನ ಫ್ರೀಜರಿನಲ್ಲಿಟ್ಟು ಕಸಕ್ಕೆ ಹಾಕಿ. ಸಿಂಕಿಗೆ ಬೇಡ, ಚರಂಡಿಗೂ ಬೇಡ.